ಒಂದು ಟ್ಯೂನ್, ಎರಡು ಬನಿಯನ್

ಆಲೂಗಡ್ಡೆ ಮೂಟೆಗಳ ಹಿಂದೆ ಅಡಗಿ ಕೂತಾಗ ಮನುಷ್ಯ ಮಾಡಬಾರದ ಕೆಲಸ ಒಂದೇ.

ತಾಳ ಹಾಕುವುದು.

ಚೆನ್ನಕೇಶವನ್ ಮಾಸ್ಟರ್ ಅದನ್ನೇ ಮಾಡುತ್ತಿದ್ದರು. ಟಕ್... ಟಕ್ಕಟ... ಟಕ್... ಗೋಣಿಯ ಮೇಲೆ, ಎರಡು ಬೆರಳಲ್ಲಿ. ಮೂಟೆಗಳ ಆಚೆ ಬದಿ ಮೂವರು ನಮ್ಮನ್ನೇ ಹುಡುಕುತ್ತಿದ್ದರು. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡ್ ಇತ್ತು.

ನಾನು ಮಾಸ್ಟರ್ ಬೆರಳು ಹಿಡಿದು ಮಡಚಿದೆ.

"ಬಿಡು ಅಮ್ಮಣಿ," ಪಿಸುಗುಟ್ಟಿದರು. "ಆ ಏಲಂ ಕೂಗೋನ್ನ ಕೇಳು. ಏಳು ಎಣಿಕೆಗೊಂದ್ಸಲ ಉಸಿರು ತಗೊಳ್ತಾನೆ. ಏಳಕ್ಕೆ... ಅವನಿಗೆ ಯಾರು ಹೇಳ್ಕೊಟ್ಟಿರ್ತಾರೆ?"

"ಮಾಸ್ಟರ್, ಅವ್ರು ನಿಮ್ಮ ಕೈ ಮುರಿಯೋಕೆ ಬಂದವ್ರೆ."

"ಗೊತ್ತು. ಅದಕ್ಕೇ ಕೈ ಇರೋವಾಗ್ಲೇ ತಾಳ ಹಾಕ್ಕೊಳ್ತಿದ್ದೀನಿ."

ಮೆಟ್ಟುಪಾಳ್ಯಂ ಆಲೂಗಡ್ಡೆ ಮಂಡಿ. ಬೆಳಗಿನ ಹೊತ್ತು. ಹೊರಗೆ ಲಾರಿಗಳ ಸಾಲು, ಒಳಗೆ ಮಣ್ಣಿನ ಧೂಳು, ನನ್ನ ಪಕ್ಕದಲ್ಲಿ ತಾಳ ತಪ್ಪದ ಒಬ್ಬ ಹುಚ್ಚ.

ನನ್ನ ಹೆಸರು ಸತ್ಯಾ. ಊರು ಮಡತ್ತುಕುಳಂ. ಅಪ್ಪನದು ಕಬ್ಬಿನ ತೋಟ. ನಾನು ಒಂದು ಕಾಲದಲ್ಲಿ ಜಿಲ್ಲೆಯ ಕಬಡ್ಡಿ ಟೀಮಿನಲ್ಲಿದ್ದೆ. ಮೊಣಕಾಲು ಕೈಕೊಟ್ಟಿತು... ಕೆಲಸ ಬದಲಿಸಿದೆ. ಈಗ ಕೊಯಮತ್ತೂರು, ತಿರುಪ್ಪೂರು ಕಡೆಯ ಸಂಗೀತದವರ ತಾಪತ್ರಯವೆಲ್ಲ ನನ್ನದು. ಕಳುವಾದ ಸ್ಪೀಕರನ್ನು ವಾಪಸ್ ತರುವುದು. ಕುಡಿದು ಮಲಗಿದ ಡ್ರಮ್ಮರನ್ನು ಮುಹೂರ್ತಕ್ಕೆ ಮುಂಚೆ ಎಬ್ಬಿಸುವುದು. ಗಾಯಕಿಗೆ ಕಣ್ಣು ಹೊಡೆದ ಮದುಮಗನ ಚಿಕ್ಕಪ್ಪನಿಗೆ ಬುದ್ಧಿ ಹೇಳುವುದು.

ಬುದ್ಧಿಯನ್ನು ನಾನು ಬಾಯಲ್ಲಿ ಹೇಳುವುದು ಕಡಿಮೆ.

ಮಾಸ್ಟರ್ ಹೆಸರು ನೀವು ಕೇಳಿರಲಿಕ್ಕಿಲ್ಲ. ಅವರ ಕೆಲಸವನ್ನಂತೂ ಕೇಳಿದ್ದೀರಿ. ಅವಿನಾಶಿಯ ನೇಕಾರರ ಮನೆಯವರು. ಮನೆಮಾತು ನಮ್ಮಂತೆಯೇ ಕನ್ನಡ, ಬೀದಿಮಾತು ತಮಿಳು. ಮಗ್ಗದ ಸದ್ದಿನಲ್ಲಿ ಹುಟ್ಟಿ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿಗೆ ಕೂತರು. ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಮುರುಗನ ಭಕ್ತಿಗೀತೆಗೆ ವಾದ್ಯ ಜೋಡಿಸಿದರು. ಚರ್ಚಿನ ಕ್ರಿಸ್‌ಮಸ್ ಆಲ್ಬಮ್ ಮಾಡಿದರು. ದರ್ಗಾ ಹಾಡು ಮಾಡಿದರು. ಒಂದೇ ವಾರದಲ್ಲಿ ಮಿಲ್ ಕಾರ್ಮಿಕರ ಸ್ಟ್ರೈಕ್ ಹಾಡನ್ನೂ, ಅದೇ ಮಿಲ್ ಓನರ್ ಅರವತ್ತರ ಹಾಡನ್ನೂ ಮಾಡಿದರು. ಎರಡೂ ಹಿಟ್. ಆಮೇಲೆ ಸಿ.ಡಿ., ಆಮೇಲೆ ರಿಂಗ್‌ಟೋನ್, ಆಮೇಲೆ ಯೂಟ್ಯೂಬ್. ಶಾಲೆಯ ಪ್ರಾರ್ಥನೆ, ಹಲ್ಲಿನ ಆಸ್ಪತ್ರೆಯ ಜಾಹೀರಾತು, ಕಸದ ಗಾಡಿ ಬಂತೆಂದು ಸಾರುವ ಟ್ಯೂನ್... ಅದಕ್ಕೂ ಒಂದು ವಯಲಿನ್ ಹಾಕಿದ್ದರು. ಎಲ್ಲೋ ಬಸ್ಸಿನಲ್ಲಿ ಹಾಡುತ್ತಿದ್ದ ಹುಡುಗಿಯರನ್ನು ಕರೆತಂದು, ತಮ್ಮದೇ ಲೇಬಲ್ಲಿನಲ್ಲಿ ರೆಕಾರ್ಡ್ ತೆಗೆದು, ಗಾಯಕಿಯರನ್ನಾಗಿ ಮಾಡಿದ್ದರು.

ಯಾವ ವೇಷ ಬೇಕಾದರೂ ಹಾಕುತ್ತಿದ್ದರು. ಒಂದು ನಿಯಮ ಮಾತ್ರ ಇತ್ತು.

ಒಬ್ಬರಿಗೆ ಕೊಟ್ಟ ಟ್ಯೂನ್ ಇನ್ನೊಬ್ಬರಿಗಿಲ್ಲ.

ಆ ನಿಯಮವೇ ಅಂದು ಬೆಳಿಗ್ಗೆ ಒಡೆದುಹೋಗಿತ್ತು.

ತಿರುಪ್ಪೂರಿನ ಸೋಮಸುಂದರಂ ಹೊಸ ಬನಿಯನ್ ಮಾರುಕಟ್ಟೆಗೆ ಇಳಿಸುತ್ತಿದ್ದ. ಹೆಸರು ಜಿಲ್‌ಜಿಲ್. ಅವನ ತಂಗಿಯ ಗಂಡ ರಾಮಲಿಂಗಂ ಕೂಡ ಅಂದೇ ಹೊಸ ಬನಿಯನ್ ಇಳಿಸುತ್ತಿದ್ದ. ಹೆಸರು ಕುಳುಕುಳು. ತಮಿಳಿನಲ್ಲಿ ಎರಡರ ಅರ್ಥವೂ ತಂಪು. ಇಬ್ಬರೂ ಒಂದು ಕಾಲದಲ್ಲಿ ಪಾಲುದಾರರು. ಜಗಳವಾಗಿ ಫ್ಯಾಕ್ಟರಿಯ ನಡುವೆಯೇ ಗೋಡೆ ಎಬ್ಬಿಸಿದ್ದರು. ಆಮೇಲೆ ಮಾತಿಲ್ಲ.

ಬೆಳಿಗ್ಗೆ ಜಿಲ್‌ಜಿಲ್ ಪ್ರಚಾರದ ವ್ಯಾನ್ ತಿರುಪ್ಪೂರಿನಿಂದ ಹಾಡುತ್ತ ಹೊರಟಿತು. ಕುಳುಕುಳು ವ್ಯಾನ್ ಕೊಯಮತ್ತೂರಿನಿಂದ ಹಾಡುತ್ತ ಹೊರಟಿತು. ಯಾರೋ ಎರಡನ್ನೂ ವಾಟ್ಸಾಪಿನಲ್ಲಿ ಹಾಕಿದರು. ಎರಡೂ ಒಂದೇ ಟ್ಯೂನ್!

ಸೋಮಸುಂದರಂ ಹಾಡು ಮಾಡಿದವರು ಮಾಸ್ಟರ್. ಅವರು ನನ್ನ ಟ್ಯೂನನ್ನು ಭಾವನಿಗೂ ಮಾರಿದರು ಎಂದು ಅವನು ಗರ್ಜಿಸಿದ. ನನ್ನ ಟ್ಯೂನನ್ನು ಮಾಸ್ಟರ್ ಅವನಿಗೆ ಕೊಟ್ಟರು ಎಂದು ರಾಮಲಿಂಗಂ ಗರ್ಜಿಸಿದ. ಇಬ್ಬರೂ ಆಳು ಕಳಿಸಿದರು. ಮಾಸ್ಟರ್ ಮಗಳು ಜನನಿ ಅಳುತ್ತ ನನಗೆ ಫೋನ್ ಮಾಡಿದಳು. "ಅಕ್ಕಾ, ಅಪ್ಪ ಮೆಟ್ಟುಪಾಳ್ಯಂಗೆ ಓಡೋಗವ್ರೆ. ಬೆಟ್ಟದ ರೈಲು ಹತ್ತಿ ಮೇಲೆ ಹೋಗ್ತೀನಿ ಅಂದ್ರು."

ರೈಲು ಹೋಗಿಯಾಗಿತ್ತು. ಮಾಸ್ಟರ್ ಹೋಗಿರಲಿಲ್ಲ. ದಾರಿಯಲ್ಲಿ ಆಲೂಗಡ್ಡೆ ಏಲಂ ಕೇಳುತ್ತ ನಿಂತುಬಿಟ್ಟಿದ್ದರು.

ಅಂಥ ಮನುಷ್ಯನನ್ನು ಉಳಿಸುವುದು ಹೇಗೆ, ನೀವೇ ಹೇಳಿ.

ಮೂಟೆಗಳ ಸಂದಿಯಿಂದ ನೋಡಿದೆ. ರಾಡ್ ಹಿಡಿದವನು ಬೆಟ್ಟದ ಹಾಗಿದ್ದ. ಮಂಡಿಯಲ್ಲಿ ಎಲ್ಲರೂ ತಮಿಳು. ನಮ್ಮ ಕನ್ನಡಕ್ಕಿಂತ ಒಳ್ಳೆಯ ಬೀಗ ಬೇರಿಲ್ಲ.

"ಮಾಸ್ಟರ್," ಮೆಲ್ಲಗೆ ಕನ್ನಡದಲ್ಲಿ ಹೇಳಿದೆ, "ಆ ಎಮ್ಮೆ ಥರ ಇರೋನು ಎಡಕ್ಕೆ ಹೋಗ್ಲಿ. ನಾವು ಬಲಕ್ಕೆ ಓಡಣ."

ಮೂಟೆಯ ಮೇಲಿಂದ ಒಂದು ತಲೆ ಇಣುಕಿತು.

"ಎಮ್ಮೆ ಎಡಕ್ಕೆ ಹೋಗಲ್ಲ ಅಕ್ಕಾ," ಎಂದಿತು, ಅಚ್ಚ ಕನ್ನಡದಲ್ಲಿ. "ನಮ್ಮನೇಲೂ ಇದೇ ಮಾತು."

ಅವನ ಹೆಸರು ಬೆಳ್ಳಿಯಪ್ಪ. ರಾಮಲಿಂಗಂ ಕಡೆಯವನು. ಅದು ಆಮೇಲೆ ಗೊತ್ತಾಯಿತು. ಆ ಕ್ಷಣಕ್ಕೆ ನಾನು ಮಾಡಿದ್ದು ಒಂದೇ. ಕೆಳಗಿನ ಮೂಟೆಯ ಹೊಲಿಗೆ ಹಿಡಿದು ಜಗ್ಗಿದೆ.

ಆಲೂಗಡ್ಡೆ ಹರಿಯಿತು. ಅದರ ಮೇಲಿನ ಮೂಟೆ ವಾಲಿತು. ಅದರ ಮೇಲಿನದು ಬಿತ್ತು. ಬೆಳ್ಳಿಯಪ್ಪ ಕಾಲಿಟ್ಟಲ್ಲೆಲ್ಲ ಆಲೂಗಡ್ಡೆ. ಒಂದು ಸಲ ಜಾರಿದ, ಎದ್ದ, ಮತ್ತೆ ಜಾರಿದ. ಹಿಂದಿನ ಇಬ್ಬರು ಅವನ ಮೇಲೇ ಬಿದ್ದರು. ಏಲಂ ಕೂಗುವವನು ಕೂಗುವುದನ್ನು ನಿಲ್ಲಿಸಲಿಲ್ಲ.

"ಈಗ ಎಂಟಕ್ಕೆ ಉಸಿರು ತಗೊಂಡ," ಎಂದರು ಮಾಸ್ಟರ್ ಓಡುತ್ತ. "ಗಾಬರಿ ಆಗವ್ನೆ."

ನನ್ನ ಸ್ಕೂಟರ್ ಹೊರಗಿತ್ತು. ಮಾಸ್ಟರನ್ನು ಹಿಂದೆ ಕೂರಿಸಿಕೊಂಡು ಅನ್ನೂರು ರಸ್ತೆಗೆ ತಿರುಗಿಸಿದೆ. ಬಾಳೆತೋಟ ಸರ್ರನೆ ಹಿಂದೆ ಹೋಯಿತು. ಕನ್ನಡಿಯಲ್ಲಿ ಬಿಳಿ ಬೊಲೆರೊ ಕಾಣಿಸಿತು. ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು. ಎದುರಿನಿಂದ ತೆಂಗಿನ ನಾರಿನ ಲಾರಿ ಬರುತ್ತಿತ್ತು. ಲಾರಿಗೂ ರಸ್ತೆಯ ಅಂಚಿಗೂ ನಡುವೆ ಒಂದು ಸ್ಕೂಟರಿನಷ್ಟು ಜಾಗ ಉಳಿದಿತ್ತು.

ತೂರಿದೆ.

ಲಾರಿಯವನು ಹಾರ್ನ್ ಒತ್ತಿದ. ಬೊಲೆರೊದವನೂ ಒತ್ತಿದ. ನನ್ನ ಬೆನ್ನ ಹಿಂದೆ ಮಾಸ್ಟರ್ ನಕ್ಕರು. ಸಣ್ಣ ಮಗುವಿನ ನಗು.

"ಎರಡೂ ಹಾರ್ನ್ ಸೇರಿದ್ರೆ ಎಂಥ ಸ್ವರ ಬಂತು ಕೇಳಿದ್ಯಾ ಅಮ್ಮಣಿ?"

"ಮಾಸ್ಟರ್, ನಿಜ ಹೇಳಿ. ಆ ಟ್ಯೂನ್ ಇಬ್ರಿಗೂ ಮಾರಿದ್ರಾ?"

ನಗು ನಿಂತಿತು.

"ನಾನು ನೇಯೋರ ಮನೆ ಮಗ. ಒಂದ್ಸಲ ನೇಯ್ದ ಸೀರೆ ಇಬ್ರಿಗೆ ಉಡಿಸೋಕಾಗಲ್ಲ. ಆ ಇನ್ನೊಂದು ಹಾಡನ್ನ ನಾನಿನ್ನೂ ಕೇಳೇ ಇಲ್ಲ. ಸೋಮಸುಂದರಂ ಫೋನಲ್ಲಿ ಕೂಗ್ದ... ಹೆದರ್ಕೊಂಡು ಓಡ್ದೆ."

ನಂಬಿದೆ. ಸುಳ್ಳು ಹೇಳುವವರು ಬೆನ್ನ ಹಿಂದೆ ಕೂತರೂ ಗೊತ್ತಾಗುತ್ತದೆ. ಅವರ ಕೈ ಭುಜವನ್ನು ಬಿಗಿ ಹಿಡಿಯುತ್ತದೆ. ಮಾಸ್ಟರ್ ಕೈ ಸಡಿಲವಾಗಿ, ಇನ್ನೂ ತಾಳ ಹಾಕುತ್ತಲೇ ಇತ್ತು.

ಅನ್ನೂರು ಹತ್ತಿರ ರಸ್ತೆಗೆ ಅಡ್ಡವಾಗಿ ಒಂದು ಟೆಂಪೊ ನಿಂತಿತ್ತು. ಅದರ ಮುಂದೆ ಕಪ್ಪು ಕನ್ನಡಕದ ಸಣಕಲು ಮನುಷ್ಯ, ಹಿಂದೆ ಅವನ ಹುಡುಗರು. ಸೋಮಸುಂದರಂ ಕಡೆಯ ಮಾರಪ್ಪನ್. ಬ್ರೇಕ್ ಹಾಕಿದೆ. ಹಿಂದೆ ಬೊಲೆರೊ ಬಂದು ನಿಂತಿತು. ಬೆಳ್ಳಿಯಪ್ಪ ಇಳಿದ. ಹಣೆಯಲ್ಲಿ ಒಂದು ಆಲೂಗಡ್ಡೆಯಷ್ಟು ಬುಗುಟು.

ಮುಂದೊಂದು ದಂಡು, ಹಿಂದೊಂದು ದಂಡು.

"ಇವರು ನಮ್ಮವರು," ಎಂದ ಮಾರಪ್ಪನ್, ತಮಿಳಿನಲ್ಲಿ, ಬಹಳ ಮರ್ಯಾದೆಯಿಂದ. ನಮ್ಮ ಸೀಮೆಯಲ್ಲಿ ಹೊಡೆಯುವ ಮುಂಚೆಯೂ ಬಹುವಚನ, ಮಾತಿನ ಕೊನೆಗೆ ಮರ್ಯಾದೆಯ 'ಉಂಗ' ಬಿಡುವುದಿಲ್ಲ. "ಮೊದಲು ಹಾಡು ಮಾಡಿಸಿದವರು ನಾವು. ಕೈ ನಾವು ಮುರಿಯಬೇಕುಂಗ."

"ಮಂಡಿಯಲ್ಲಿ ಹಿಡಿದವರು ನಾವುಂಗ," ಎಂದ ಬೆಳ್ಳಿಯಪ್ಪ.

"ಹಿಡಿದಿರಿ, ಆದರೆ ಬಿಟ್ಟಿರಲ್ಲಂಗ."

"ಆಲೂಗಡ್ಡೆ ಇತ್ತುಂಗ."

ವಾದ ಬೆಳೆಯಿತು. ಕೊನೆಗೆ ಇಬ್ಬರೂ ತಂತಮ್ಮ ಯಜಮಾನರಿಗೆ ಫೋನ್ ಮಾಡಿದರು. ತೀರ್ಮಾನ ಬಂತು. ಬಲಗೈ ಸೋಮಸುಂದರಂಗೆ. ಎಡಗೈ ರಾಮಲಿಂಗಂಗೆ. ಇಬ್ಬರ ಡೀಲರುಗಳ ಊಟವೂ ಅಂದು ಅವಿನಾಶಿಯಲ್ಲೇ. ಅಲ್ಲಿಗೆ ಕರೆತನ್ನಿ... ಕಣ್ಣೆದುರೇ ಆಗಲಿ.

ಪಾಲುದಾರಿಕೆ ಮುರಿದ ಮೇಲೆ ಅವರು ಒಪ್ಪಿದ ಮೊದಲ ವ್ಯವಹಾರ ಅದು.

ಮಾಸ್ಟರ್ ಬೆರಳುಗಳು ಮೊದಲ ಸಲ ನಿಂತವು.

ಅವರು ಮಾತಾಡುವ ಹೊತ್ತಿಗೆ ನಾನು ಪಕ್ಕಕ್ಕೆ ಸರಿದು ಜನನಿಗೆ ಫೋನ್ ಮಾಡಿದೆ. ನೇರವಾಗಿ ಕೇಳಿದೆ. "ಆ ಕುಳುಕುಳು ಹಾಡು ಯಾರು ಮಾಡಿದ್ದು?"

ಆ ಕಡೆಯಿಂದ ಸಣ್ಣ ದನಿ.

"ನಾನೇ ಅಕ್ಕಾ."

"ನೀನಾ?"

"ಅಪ್ಪ ದೇವಸ್ಥಾನದ ರೆಕಾರ್ಡಿಂಗ್‌ಗೆ ಹೋಗಿದ್ರು. ರಾಮಲಿಂಗಂ ಸ್ಟುಡಿಯೋಗೆ ಬಂದು ತಾನೇ ಹಾಡಿದ್ರು. ಸ್ನಾನ ಮಾಡ್ತಾ ತೋಚಿದ್ದಂತೆ. ಎಂಥ ಅಪಸ್ವರ ಅಂತೀರಾ... ಸೊಟ್ಟಗಿದ್ದಿದ್ದನ್ನೆಲ್ಲ ನಾನು ನೆಟ್ಟಗೆ ಮಾಡಿದೆ. ನೆಟ್ಟಗೆ ಮಾಡಿದ್ರೆ ಅಪ್ಪನ ಟ್ಯೂನೇ ಆಗುತ್ತೆ ಅಂತ ನಂಗೆಂಗೆ ಗೊತ್ತು? ಅಪ್ಪ ಜಿಲ್‌ಜಿಲ್ ಹಾಡು ಮಾಡುವಾಗ ನಾನು ಅತ್ತೆ ಮನೇಲಿದ್ದೆ."

"ಅಪ್ಪನಿಗೆ ಯಾಕೆ ಹೇಳಿಲ್ಲ?"

"ಹೇಳಣ ಅಂತಾನೇ ಇದ್ದೆ... ಈಗ ನಾನೇ ಅವಿನಾಶಿಗೆ ಬರ್ತಿದ್ದೀನಿ. ನನ್ನ ಕೈ ಮುರೀಲಿ."

"ಬಾ. ಆದ್ರೆ ಬಾಯಿ ಬಿಡಬೇಡ. ನಾನಿದ್ದೀನಿ."

ಮಾಸ್ಟರಿಗೆ ಹೇಳಲಿಲ್ಲ. ಹೇಳಿದ್ದರೆ ಮಗಳನ್ನು ಉಳಿಸಲು ಆ ಮನುಷ್ಯ ತಾನೇ ಮಾರಿದೆ ಎಂದು ಒಪ್ಪಿಕೊಂಡುಬಿಡುತ್ತಿದ್ದರು. ರಾಮಲಿಂಗಂ ಬಾಯಿಗೆ ಆ ಟ್ಯೂನ್ ಬಂದದ್ದು ಹೇಗೆ? ಅದು ಗೊತ್ತಾಗಬೇಕಿತ್ತು. ಅದೂ ಊಟ ಮುಗಿಯುವುದರೊಳಗೆ.

ಸ್ಕೂಟರನ್ನು ಅಲ್ಲೇ ಬಿಟ್ಟು ಬೊಲೆರೊದಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಮಾಸ್ಟರ್ ನಡುವೆ. ಬಲಗೈಯನ್ನು ಮಾರಪ್ಪನ್ ಹಿಡಿದಿದ್ದ. ಎಡಗೈಯನ್ನು ಬೆಳ್ಳಿಯಪ್ಪ. ತಂತಮ್ಮ ಪಾಲಿನ ಸಾಮಾನು ಕಾಯುವವರಂತೆ.

ಸ್ವಲ್ಪ ದೂರ ಹೋದ ಮೇಲೆ ಬೆಳ್ಳಿಯಪ್ಪ ಕೆಮ್ಮಿದ. ಕನ್ನಡದಲ್ಲಿ ಕೇಳಿದ.

"ಮಾಸ್ಟರ್... ಹಳೇ ಮಾರಿಯಮ್ಮನ ಕ್ಯಾಸೆಟ್. ಸುರುನಾಗೆ ಉಡುಕ್ಕೆ ಬಡಿತ ಬತ್ತದಲ್ಲ, ಆಮೇಲೆ ಒಂದು ಕೊಳಲು... ಅದು ನೀವು ಮಾಡಿದ್ದಾ?"

"ಹೌದಪ್ಪ. ನಿಂಗೆಂಗೆ ಗೊತ್ತು?"

"ನಮ್ಮವ್ವ ಸಾಮಿಯಾತಾಳ್ ದಿನಾ ಅದ ಹಾಕ್ಕಂಡೇ ಹಾಲು ಕರೆಯೋದು. ಆ ಕೊಳಲು ಬರೋಗಂಟ ಹಸು ಹಾಲೇ ಇಳಿಸ್ತಿರ್ಲಿಲ್ಲ."

ಮಾಸ್ಟರ್ ಕಣ್ಣು ಹೊಳೆಯಿತು. "ಆ ಕೊಳಲು ನಿಜವಾದ ಕೊಳಲಲ್ಲ. ಕೀಬೋರ್ಡ್. ಈ ಕೈಲೇ."

ಬೆಳ್ಳಿಯಪ್ಪ ತನ್ನ ಹಿಡಿತದಲ್ಲಿದ್ದ ಎಡಗೈಯನ್ನು ನೋಡಿದ. ಬಹಳ ಹೊತ್ತು ನೋಡಿದ.

"ಹಂಗಾದ್ರೆ ನಮ್ಮನ್ನ ಇಲ್ಲೇ ಇಳಿಸಪ್ಪ," ಎಂದೆ ನಾನು.

"ಹಾಡು ಬ್ಯಾರೆ, ಡ್ಯೂಟಿ ಬ್ಯಾರೆ ಅಕ್ಕಾ," ಎಂದ. ಆದರೆ ಕೈ ಹಿಡಿದ ರೀತಿ ಬದಲಾಯಿತು. ಮೊಟ್ಟೆ ಹಿಡಿದ ಹಾಗೆ ಹಿಡಿದ.

ಅವಿನಾಶಿ ಬಂತು. ಸದ್ದು ಮೊದಲು ಬಂತು. ಆಮೇಲೆ ಊರು.

ರಸ್ತೆಯ ಆಚೆ ಈಚೆ ಎದುರುಬದುರು ಎರಡು ಕಲ್ಯಾಣ ಮಂಟಪ. ಒಂದರಲ್ಲಿ ಜಿಲ್‌ಜಿಲ್ ಡೀಲರುಗಳ ಊಟ, ಇನ್ನೊಂದರಲ್ಲಿ ಕುಳುಕುಳು ಡೀಲರುಗಳ ಊಟ. ನಡುರಸ್ತೆಯಲ್ಲಿ ಎರಡು ವ್ಯಾನುಗಳು ಮೂಗಿಗೆ ಮೂಗು ತಾಗಿಸಿ ನಿಂತಿದ್ದವು. ಒಂದರಲ್ಲಿ ನಾದಸ್ವರ, ತವಿಲು. ಇನ್ನೊಂದರಲ್ಲಿ ಡಿಜೆ ಬೀಟ್. ಒಂದೇ ಟ್ಯೂನ್, ಆದರೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಕುಡುಕರಿಬ್ಬರು ಒಂದೇ ಪಂಚೆ ಎಳೆದಾಡಿದ ಹಾಗೆ. ಬಸ್ಸುಗಳು ನಿಂತಿದ್ದವು. ಗಾರ್ಮೆಂಟ್ ಹುಡುಗಿಯರ ಕಂಪನಿ ಬಸ್ಸೊಂದು ಸಿಕ್ಕಿಕೊಂಡಿತ್ತು. ಎಲ್ಲರೂ ಕಿವಿ ಮುಚ್ಚಿಕೊಂಡಿದ್ದರು.

ವ್ಯಾನುಗಳ ಪಕ್ಕ ಇಬ್ಬರು ಯಜಮಾನರು. ಇಬ್ಬರಿಗೂ ಬಿಳಿ ಶರ್ಟು, ಬಿಳಿ ಪಂಚೆ, ಒಂದೇ ಥರದ ಮೀಸೆ. ಸೆಂಟು ಬೇರೆ ಬೇರೆ.

ಮಾಸ್ಟರನ್ನು ಇಳಿಸಿದರು. ಮಾರಪ್ಪನ್ ಬಲಗೈ ಹಿಡಿದಿದ್ದ. ಬೆಳ್ಳಿಯಪ್ಪ ಎಡಗೈ ಹಿಡಿದಿದ್ದ.

ಮಾಸ್ಟರ್ ಮುಖ ಕಿವುಚಿದರು. ಹೆದರಿಕೆಯಿಂದಲ್ಲ. ಆ ಗದ್ದಲದಿಂದ. ಎರಡು ಹೆಜ್ಜೆ ಇಟ್ಟವರು ಗಕ್ಕನೆ ನಿಂತರು. ತಲೆ ಕುಳುಕುಳು ವ್ಯಾನಿನ ಕಡೆ ವಾಲಿತು.

"ಆ ಬೇಸ್, ಆ ತಗ್ಗಿನ ಸ್ವರ ಯಾರ್ದು?"

ನಾನು ಜನರ ನಡುವೆ ಜನನಿಯನ್ನು ಹುಡುಕಿದೆ.

"ಅಮ್ಮಣಿ, ಆ ಬೇಸ್ ಕೇಳು. ಟ್ಯೂನ್ ಮೇಲಕ್ಕೆ ಹೋದಾಗ ಅದು ಕೆಳಕ್ಕೆ ಇಳೀತದೆ. ನಂಗೆ ತೋಚಿರ್ಲೇ ಇಲ್ಲ..." ಕಣ್ಣು ಮುಚ್ಚಿ ಕೇಳಿದರು. "ಅದು ನನ್ ಮಗಳ ಎಡಗೈ."

ಜನನಿ ಅಷ್ಟರಲ್ಲಿ ಬಂದು ಜನರ ನಡುವೆ ನಿಂತಿದ್ದಳು. ಮುಖ ಅತ್ತು ಕೆಂಪಾಗಿತ್ತು. ಅವಳು ಏನೇ ಮಾಡಿ ತೋರಿಸಿದರೂ ಮಾಸ್ಟರ್ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು. ಪರವಾಯಿಲ್ಲ. ಈಗ ಆ ಮನುಷ್ಯ ಮಗಳನ್ನು ನೋಡಲಿಲ್ಲ. ನೋಡುವಷ್ಟು ವ್ಯವಧಾನವಿರಲಿಲ್ಲ.

ಎರಡೂ ಕೈ ಕೊಡವಿದರು. ಮಾರಪ್ಪನ್ ಗಾಬರಿಯಾಗಿ ಬಿಟ್ಟ. ಬೆಳ್ಳಿಯಪ್ಪ ಬಿಡಲಿಕ್ಕೇ ಕಾಯುತ್ತಿದ್ದ.

ಮಾಸ್ಟರ್ ಟೀ ಅಂಗಡಿಯ ಬೆಂಚು ಎಳೆದು ಎರಡು ವ್ಯಾನುಗಳ ನಡುವೆ ಹಾಕಿ ಅದರ ಮೇಲೆ ನಿಂತರು.

"ಎರಡೂ ನಿಲ್ಲಿಸ್ರಪ್ಪ," ಎಂದರು ತಮಿಳಿನಲ್ಲಿ.

ನಿಂತಿತು. ಯಜಮಾನರ ಅಪ್ಪಣೆಯಿಲ್ಲದೆ ನಿಂತಿತು. ಸೌಂಡ್ ಹುಡುಗರು ಬೇರೆ ಯಾರ ಮಾತು ಕೇಳದಿದ್ದರೂ ಆ ಥರದ ದನಿಯನ್ನು ಕೇಳುತ್ತಾರೆ.

"ಜಿಲ್‌ಜಿಲ್ ಮೊದಲು. ಕೈ ಇಳಿಸಿದಾಗ ಕುಳುಕುಳು. ಅದರ ವೇಗ ಒಂದು ಚೂರು ತಗ್ಗಿಸು. ಇನ್ನೂ ಒಂದು ಚೂರು. ಸಾಕು."

ಬಲಗೈ ಎತ್ತಿದರು. ನಾದಸ್ವರ ಹೊರಟಿತು. ಎಡಗೈ ಇಳಿಸಿದರು.

ಬೇಸ್ ಬಂದು ಕೂತಿತು.

ಅದನ್ನು ನಿಮಗೆ ಹೇಗೆ ಹೇಳಲಿ... ಕಬಡ್ಡಿಯಲ್ಲಿ ಇಡೀ ಟೀಮು ಒಂದೇ ಉಸಿರಿನಲ್ಲಿ ಎದುರಾಳಿಯನ್ನು ಹಿಡಿಯುವ ಗಳಿಗೆ ಇರುತ್ತದಲ್ಲ, ಹಾಗೆ ಹಿಡಿಯಿತು. ಜಿಲ್ಲು ಜಿಲ್ಲು ಎಂದು ಒಂದು ವ್ಯಾನ್ ಕೇಳಿದರೆ ಕುಳು ಕುಳು ಎಂದು ಇನ್ನೊಂದು ಉತ್ತರ ಕೊಟ್ಟಿತು. ಮೊದಲು ಕಂಪನಿ ಬಸ್ಸಿನಿಂದ ಹುಡುಗಿಯರು ಇಳಿದರು. ಕುಣಿದರು. ಡೀಲರುಗಳು ಎಲೆಯಿಂದ ಎದ್ದು ರಸಂ ಕೈಯಲ್ಲೇ ಬಂದರು. ಕಂಡಕ್ಟರ್ ವಿಸಿಲ್ ಊದಿದ, ತಾಳಕ್ಕೆ ಸರಿಯಾಗಿ. ಒಬ್ಬ ಅಜ್ಜ ಊರುಗೋಲು ಮೇಲೆತ್ತಿ ತಿರುಗಿದ. ಮಾರಪ್ಪನ್ ಕಪ್ಪು ಕನ್ನಡಕ ತೆಗೆದು ಜೇಬಿಗಿಟ್ಟು ಸೊಂಟ ತಿರುಗಿಸಿದ. ಬೆಳ್ಳಿಯಪ್ಪ ಕುಣಿದಾಗ ಬೊಲೆರೊ ಅಲುಗಿತು.

ಸೋಮಸುಂದರಂ ಭುಜ ಒಂದು ಸಲ ಹಾರಿತು. ಅವನೇ ಅದನ್ನು ಅದುಮಿಕೊಂಡ.

ನನ್ನ ಕಾಲೂ ಕೇಳಲಿಲ್ಲ. ಆದರೆ ಕೆಲಸ ಬಾಕಿ ಇತ್ತು. ಹಾಡು ಮುಗಿದರೆ ಮತ್ತೆ ಕೈಯ ಮಾತು ಬರುತ್ತದೆ.

ರಾಮಲಿಂಗಂ ಕಾರಿನಲ್ಲಿ ಅವನ ಹೆಂಡತಿ, ಸೋಮಸುಂದರಂ ತಂಗಿ, ಕಾಳಿಯಮ್ಮ ಕೂತಿದ್ದರು. ಕಿಟಕಿ ಇಳಿಸಿ, ಬಾಗಿಲ ಮೇಲೆ ತಾಳ ಹಾಕುತ್ತ, ಹಾಡಿನ ಪೂರ್ತಿ ಸಾಹಿತ್ಯ ಹೇಳುತ್ತಿದ್ದರು. ಜಿಲ್‌ಜಿಲ್ ಸಾಹಿತ್ಯ. ಗಂಡನದಲ್ಲ, ಅಣ್ಣನ ಹಾಡಿನದು.

ಅದು ಇವತ್ತು ಬೆಳಿಗ್ಗೆಯಷ್ಟೇ ಹೊರಬಂದ ಹಾಡು.

ಕಿಟಕಿಗೆ ಬಗ್ಗಿದೆ.

"ಅಕ್ಕಾ, ನಿಮ್ಮ ಅಣ್ಣ ಇದನ್ನ ನಿಮಗೆ ಯಾವಾಗ ಕೇಳಿಸಿದ್ರು?"

ಬಾಯಿ ನಿಂತಿತು. ಸುತ್ತ ನೋಡಿದರು.

"ಯಾರಿಗೂ ಹೇಳಬೇಡ ಕಣಮ್ಮಾ," ಎಂದರು ತಮಿಳಿನಲ್ಲಿ. "ಅಣ್ಣನ ಜೊತೆ ದಿನಾ ಫೋನಿನಲ್ಲಿ ಮಾತಾಡ್ತೀನಿ. ಇವರಿಗೆ ಗೊತ್ತಿಲ್ಲ. ಹೊಸ ಹಾಡು ಅಂತ ಅಣ್ಣ ದಿನಾ ಸ್ಪೀಕರಿನಲ್ಲಿ ಹಾಡಿ ತೋರಿಸ್ತಿದ್ದ."

"ಯಾವ ಹೊತ್ತಿನಲ್ಲಿ?"

"ಇವರು ಸ್ನಾನಕ್ಕೆ ಹೋದಾಗ."

ನಾನು ಕಾರಿಗೆ ಒರಗಿ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ರಾಮಲಿಂಗಂ ಸುಳ್ಳು ಹೇಳಿರಲಿಲ್ಲ. ಟ್ಯೂನ್ ನಿಜವಾಗಿಯೂ ಸ್ನಾನ ಮಾಡುವಾಗಲೇ ಬಂದಿತ್ತು. ಬಾಗಿಲ ಸಂದಿಯಿಂದ.

"ಅಕ್ಕಾ, ನೀವು ಹೇಳದಿದ್ರೆ ಆ ಮನುಷ್ಯನ ಎರಡೂ ಕೈ ಹೋಗುತ್ತೆ," ಎಂದೆ.

ಕಾಳಿಯಮ್ಮ ಬೆಂಚಿನ ಮೇಲಿದ್ದ ಮಾಸ್ಟರನ್ನು ನೋಡಿದರು. ಸೆರಗು ಸಿಕ್ಕಿಸಿಕೊಂಡು ಇಳಿದರು. ಕುಣಿಯುವವರನ್ನು ಸರಿಸುತ್ತ ನಡೆದು ಗಂಡನಿಗೂ ಅಣ್ಣನಿಗೂ ನಡುವೆ ನಿಂತರು. ಅವರು ಏನು ಹೇಳಿದರೋ ಆ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಮುಖಗಳು ಕಂಡವು. ಸೋಮಸುಂದರಂ ತಲೆ ತಗ್ಗಿಸಿದ. ರಾಮಲಿಂಗಂ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕಾಳಿಯಮ್ಮ ಬೆರಳೆತ್ತಿ ಒಂದು ಮಾತು ಹೇಳಿದರು. ಬಾಯಿ ಮುಚ್ಚಿಯೇ ಹೋಯಿತು.

ಆಮೇಲೆ ಅಣ್ಣನ ಕೈಯನ್ನೂ ಗಂಡನ ಕೈಯನ್ನೂ ಹಿಡಿದು ಒಂದೇ ಮಂಟಪದ ಕಡೆ ಎಳೆದುಕೊಂಡು ಹೊರಟರು. ಊಟ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ಜೀಪು ಬಂತು.

ಇನ್ಸ್‌ಪೆಕ್ಟರ್ ಬಿಸಿಲಿನಲ್ಲಿ ಬೆಂದುಹೋಗಿದ್ದರು. ಆ ತುದಿಯಿಂದ ಈ ತುದಿವರೆಗೆ ಲಾರಿಗಳು ನಿಂತಿದ್ದವು. ಹಾಡು ನಿಲ್ಲಿಸಿದರು. ಕುಣಿತ ನಿಂತಿತು.

"ಯಾರದು ಇದು?" ಎಂದರು.

ಸೋಮಸುಂದರಂ ಭಾವನನ್ನು ತೋರಿಸಿದ. ರಾಮಲಿಂಗಂ ಭಾವನನ್ನು ತೋರಿಸಿದ. ಬೆಳಗಿನಿಂದ ನನ್ನದು ನನ್ನದು ಎಂದು ಬಡಿದಾಡಿದ ಟ್ಯೂನ್ ಈಗ ಇಬ್ಬರಿಗೂ ಬೇಡವಾಗಿತ್ತು. ಮಾರಪ್ಪನ್ ಕನ್ನಡಕ ಹಾಕಿಕೊಂಡ. ಬೆಳ್ಳಿಯಪ್ಪ ಬೊಲೆರೊದ ಹಿಂದೆ ಅಡಗಿದ, ಅಡಗುವುದು ಅವನಿಗೆ ಸಾಧ್ಯವಾಗುವಷ್ಟು.

"ಕೇಳ್ತಾ ಇದ್ದೀನಲ್ಲ," ಎಂದರು ಇನ್ಸ್‌ಪೆಕ್ಟರ್. "ರೋಡ್ ಪೂರ್ತಿ ಕುಣಿಸಿದ್ದು ಯಾರ ಕೆಲಸ?"

ಮಾಸ್ಟರ್ ಇನ್ನೂ ಬೆಂಚಿನ ಮೇಲೇ ಇದ್ದರು. ಬೆವರು, ಕೆದರಿದ ಕೂದಲು, ಹಬ್ಬದ ದಿನದ ಮುಖ. ನಾನು ಕಣ್ಣು ಬಿಟ್ಟು ಬೇಡ ಎಂದು ತಲೆಯಾಡಿಸಿದೆ. ನೋಡಲಿಲ್ಲ. ಜನರ ನಡುವಿದ್ದ ಜನನಿಯತ್ತ ಕೈ ಚಾಚಿದರು.

"ನನ್ನ ಮಗಳದು ಸಾರ್," ಎಂದರು, ಇಡೀ ರಸ್ತೆಗೆ ಕೇಳುವಂತೆ. "ನಾನು ಮಾಡಿದ್ದು ಬರೀ ಟ್ಯೂನ್. ಜನ ಕುಣಿದದ್ದು ಅವಳ ಬೇಸಿಗೆ. ಈ ಎರಡು ಜಿಲ್ಲೆಯಲ್ಲಿ ಅಂಥ ಕೈ ಇನ್ನೊಂದಿಲ್ಲ."

ಜನನಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಗಿತ್ತು. ಜೀಪಿನ ಬಾಗಿಲು ತೆಗೆದು, ಬಹಳ ಮರ್ಯಾದೆಯಿಂದ, ಹತ್ತಮ್ಮ ಎಂದರು.

ಅಪ್ಪ ಮಗಳನ್ನು ಹೊಗಳಿದ್ದು ಅದೇ ಮೊದಲು. ಜಾಮೀನಿಗೆ ಸಹಿ ಹಾಕಿದವಳು ನಾನು.